ನಿದ್ದೆಯನ್ನು ಕಂಡವರು

ಜನವರಿ ೮

ಕಾಜ,

ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ ಎಂದು ಶುರುಮಾಡೋಣ ಎಂದುಕೊಂಡೆ. ಆಮೇಲೆ ನೋಡಿದರೆ ನಾವೆಲ್ಲ ಎಂದರೆ ನಾನೊಬ್ಬನೇ. ಅದಕ್ಕೆ ಆ ಸಾಲನ್ನು ಬಿಟ್ಟಿದ್ದೇನೆ.

ಒಂಬತ್ತು ವರ್ಷದ ಮೇಲೆ ಈ ಮನುಷ್ಯನಿಗೆ ನನ್ನ ನೆನಪು ಯಾಕೆ ಬಂತಪ್ಪಾ ಎಂದು ನೀನು ಹುಬ್ಬೇರಿಸುತ್ತೀಯ, ಗೊತ್ತು. ನಿನ್ನ ವಿಳಾಸವನ್ನು ದಾರದ ಅಂಗಡಿಯವರು ಕೊಟ್ಟರು. ಅಲ್ಲಿ ನಿನ್ನನ್ನು ಕಾಜ ಎಂದು ಯಾರೂ ಕರೆಯದೆ ಇರಬಹುದು. ಇಲ್ಲಿ ಮಾತ್ರ ಹಳೇ ಗಿರಾಕಿಗಳು ಈಗಲೂ ಕೋಟಿನ ಗುಂಡಿ ಹಾಕಿಕೊಳ್ಳುವಾಗ ಕಾಜ ನೋಡಿ, "ಇದು ಅವರ ಕೈದಲ್ಲ ಅಲ್ವಾ?" ಎನ್ನುತ್ತಾರೆ. ಅಲ್ಲ, ಇದು ಮೆಷಿನ್ನಿನದು ಎನ್ನುತ್ತೇನೆ. ನನ್ನ ಹೆಸರು ಮಾತ್ರ ಕತ್ತರಿ ಎಂದೇ ಉಳಿದಿದೆ. ಆದರೆ ಇನ್ನು ಎಷ್ಟು ದಿನ ಉಳಿದೀತೋ ಹೇಳಲಾರೆ, ಅದಕ್ಕೇ ಈ ಕಾಗದ.

ಹೋದ ಗುರುವಾರ ಒಬ್ಬ ಮೇಷ್ಟರ ಕೋಟಿಗೆ ತೋಳು ಕತ್ತರಿಸಿದೆ. ಬೂದು ಬಣ್ಣದ ಒಳ್ಳೆ ಉಣ್ಣೆ ಬಟ್ಟೆ. ಒಂದು ತೋಳು ಕತ್ತರಿಸಿದ ಮೇಲೆ ಮಾದರಿ ಕಾಗದವನ್ನು ಮಗುಚಿ ಹಾಕಬೇಕಲ್ಲ, ಹಾಕಿದೆ ಎಂದೇ ನನ್ನ ಲೆಕ್ಕ. ಸಂಜೆ ಜೋಡಿಸಲು ಕೂತರೆ ಎರಡೂ ಎಡತೋಳು. ನಲವತ್ತು ವರ್ಷದ ಕೆಲಸಗಾರ ನಾನು. ಹೊಸದಾಗಿ ಕಲಿಯುವವನೂ ಎರಡನೇ ವಾರ ಇಂಥ ತಪ್ಪು ಮಾಡುವುದಿಲ್ಲ. ಅದೇ ಬಣ್ಣದ ಬಟ್ಟೆ ಹುಡುಕಿ ತಂದು ಬಲತೋಳು ಕತ್ತರಿಸಿದೆ. ಮೇಷ್ಟರಿಗೆ ಹೇಳಲಿಲ್ಲ. ನಿನಗೆ ಹೇಳುತ್ತಿದ್ದೇನೆ.

ನನಗೆ ಹಗಲು ಹೊತ್ತು ನಿದ್ದೆ ಬರುತ್ತಿದೆ ಕಾಜ. ಊಟವಾದ ಮೇಲೆ ಎಲ್ಲರಿಗೂ ಕಣ್ಣು ಎಳೆಯುವಂಥದ್ದಲ್ಲ ಇದು. ಬೆಳಿಗ್ಗೆ ಹನ್ನೊಂದಕ್ಕೇ ಶುರು. ಮೊನ್ನೆ ಒಬ್ಬರ ಎದೆಯ ಸುತ್ತಳತೆಗೆ ಟೇಪು ಸುತ್ತಿದವನು ನಿಂತಲ್ಲೇ ತೂಕಡಿಸಿದೆ. ಹಣೆ ಹೋಗಿ ಅವರ ಭುಜಕ್ಕೆ ತಾಗಿತು. "ಏನ್ ಸ್ವಾಮಿ, ಅಳತೆ ತಗೊಳ್ತಿದ್ದೀರೋ, ತಬ್ಬಿಕೊಳ್ತಿದ್ದೀರೋ?" ಅಂದರು. ಅಂಗಡಿಯಲ್ಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ. ಅವರು ಹೋದ ಮೇಲೆ ನಿನ್ನ ಸ್ಟೂಲಿನ ಮೇಲೆ ಸ್ವಲ್ಪ ಹೊತ್ತು ಕೂತಿದ್ದೆ. ಅದು ಇನ್ನೂ ಅಲ್ಲೇ ಇದೆ, ಕಿಟಕಿ ಕೆಳಗೆ.

ನೀನು ಮೆಷಿನ್ನಿನ ಮುಂದೆ ತೂಕಡಿಸುವಾಗ ನಾನು ಕತ್ತರಿಯ ಹಿಡಿಯಿಂದ ಮೇಜಿನ ಮೇಲೆ ಎರಡು ಸಲ ಬಡಿಯುತ್ತಿದ್ದೆನಲ್ಲ, ಟಕ್ ಟಕ್ ಎಂದು? ನೀನು ತಲೆ ಎತ್ತದೆ, ಏನೂ ಆಗಿಲ್ಲವೆಂಬಂತೆ ಹೊಲಿಗೆ ಮುಂದುವರಿಸುತ್ತಿದ್ದೆ. ಈಗ ನನಗೆ ಬಡಿಯುವವರಿಲ್ಲ. ವಯಸ್ಸಾಯಿತು ಅಷ್ಟೇ, ಮತ್ತೇನಿಲ್ಲ.

ಆ ಬೆರಳು ಸರಿಹೋಯಿತೇ?

ಇಂತಿ,
ಕತ್ತರಿ


ಜನವರಿ ೩೦

ಅಣ್ಣಾ,

ಇದು ನಿಮ್ಮ ಸ್ನೇಹಿತರ ಅಕ್ಷರವಲ್ಲ ಎಂದು ನೋಡಿದ ಕೂಡಲೇ ಗೊತ್ತಾಗಿರುತ್ತದೆ. ನಾನು ಅವರ ಹೆಂಡತಿ. ಅಂಗಡಿಯಲ್ಲಿ ನನಗೊಂದು ರವಿಕೆ ಕತ್ತರಿಸಿಕೊಟ್ಟಿದ್ದಿರಿ, ನೆನಪಿದೆಯೋ ಇಲ್ಲವೋ. ಆಮೇಲೆ ಅಷ್ಟು ಚೆನ್ನಾಗಿ ಕೂತ ರವಿಕೆ ನನಗೆ ಸಿಕ್ಕಿಲ್ಲ.

ಇವರಿಗೆ ಬರೆಯಲು ಆಗುವುದಿಲ್ಲ. ಮೂರು ವರ್ಷದ ಹಿಂದೆ ಲಕ್ವ ಹೊಡೆಯಿತು. ಬಲಗೈ ಬಲಗಾಲು ಎರಡೂ ಹೋದವು. ಕಾಲು ಅರ್ಧ ಬಂದಿದೆ, ಕೋಲು ಹಿಡಿದು ಮನೆಯೊಳಗೆ ನಡೆಯುತ್ತಾರೆ. ಕೈ ಬಂದಿಲ್ಲ. ಮಾತು ನನಗೆ ತಿಳಿಯುತ್ತದೆ, ಬೇರೆಯವರಿಗೆ ತಿಳಿಯುವುದಿಲ್ಲ. ಅದಕ್ಕೇ ಫೋನು ಎತ್ತುವುದಿಲ್ಲ, ಯಾರು ಬಂದರೂ ಒಳಗೆ ಹೋಗಿ ಕೂರುತ್ತಾರೆ.

ನಿಮ್ಮ ಕಾಗದವನ್ನು ಓದಿ ಹೇಳಿದೆ. ಎರಡು ಎಡತೋಳಿನ ಮಾತಿಗೆ ನಕ್ಕರು. ಈ ಮನೆಯಲ್ಲಿ ಆ ಸದ್ದು ಕೇಳಿ ಬಹಳ ದಿನವಾಗಿತ್ತು. ಒಲೆ ಆರಿಸಿ ಬಂದು ಇನ್ನೊಂದು ಸಲ ಓದಿದೆ.

ಅಣ್ಣಾ, ಒಂದು ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನೀವು ಗೊರಕೆ ಹೊಡೆಯುತ್ತೀರಾ? ಬೆಳಿಗ್ಗೆ ಏಳುವಾಗ ತಲೆ ಭಾರ ಇರುತ್ತದಾ, ಬಾಯಿ ಒಣಗಿರುತ್ತದಾ? ಇವರಿಗೂ ಹೀಗೇ ಇತ್ತು. ಹಗಲೆಲ್ಲ ನಿದ್ದೆ. ಸೋಮಾರಿ ಎಂದು ನಾನೂ ಅಂದಿದ್ದೇನೆ. ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ ಮೊದಲ ಪ್ರಶ್ನೆಗಳಲ್ಲಿ ಇದೂ ಒಂದು.

ಬೆರಳು ಅವತ್ತೇ ವಾಸಿಯಾಯಿತು ಎಂದು ಬರೆಯಲು ಹೇಳಿದ್ದಾರೆ. ಅದು ಸುಳ್ಳು, ಎರಡು ತಿಂಗಳು ಹಿಡಿಯಿತು.

ನಿಮ್ಮ ತಂಗಿ


ಫೆಬ್ರವರಿ ೬

ಕಾಜ, ತಂಗ್ಯಮ್ಮ, ಇಬ್ಬರಿಗೂ,

ಕಾಗದ ಓದಿ ಅಂಗಡಿಯ ಬಾಗಿಲು ಅರ್ಧ ಎಳೆದು ಕೂತೆ. ಯಾರಾದರೂ ಬಂದು ಏನಾಯಿತು ಎಂದು ಕೇಳಿದರೆ ಎಂಬ ಹೆದರಿಕೆ. ಯಾರೂ ಬರಲಿಲ್ಲ.

ಆ ಬಲಗೈಯೇ ಹೋಗಬೇಕಾಗಿತ್ತೇ? ಎಡಗೈ ಹೋಗಿದ್ದರೆ ಏನು ಸುಖವಿತ್ತು ಎಂದು ಕೇಳಬೇಡ. ಆ ಕೈ ಹದಿನಾರು ವರ್ಷ ನನ್ನ ಕಣ್ಣಿನ ಎದುರಿಗೆ ಇತ್ತು.

ತಂಗ್ಯಮ್ಮ, ಗೊರಕೆಯ ವಿಷಯ ಕೇಳಿದೆಯಲ್ಲ. ನನ್ನವಳು ಬದುಕಿದ್ದಾಗ ಹೊಡೆಯುತ್ತಿದ್ದೆನಂತೆ. "ಮನೆಯೊಳಗೆ ಗರಗಸದ ಕಾರ್ಖಾನೆ ಇಟ್ಕೊಂಡಿದ್ದೀನಿ" ಎನ್ನುತ್ತಿದ್ದಳು. ಮಧ್ಯೆ ಮಧ್ಯೆ ಮೊಣಕೈಯಿಂದ ತಿವಿಯುತ್ತಿದ್ದಳು, ನಾನು ಮಗ್ಗುಲು ಬದಲಿಸುತ್ತಿದ್ದೆ. ಅವಳು ಹೋಗಿ ನಾಲ್ಕು ವರ್ಷವಾಯಿತು. ಅಂದಿನಿಂದ ಗೊರಕೆ ನಿಂತಿದೆ ಎಂದೇ ತಿಳಿದಿದ್ದೆ. ನೀನು ಕೇಳಿದ ಮೇಲೆ ಯೋಚಿಸಿದರೆ, ನಿಂತಿದೆಯೋ ಇಲ್ಲವೋ ಹೇಳುವವರು ಯಾರಿದ್ದಾರೆ? ಗೋಡೆಯ ಆಚೆ ಒಂದು ಉಗ್ರಾಣ. ಮೇಲಿನ ಮನೆ ಖಾಲಿ.

ತಲೆ ಭಾರ ಇರುತ್ತದೆ, ಸುಳ್ಳು ಹೇಳುವುದಿಲ್ಲ. ಒಂದು ಲೋಟ ಟೀ ಕುಡಿದರೆ ಇಳಿಯುತ್ತದೆ. ನನ್ನ ಚಿಂತೆ ಬಿಡಿ, ನನಗೇನೂ ಆಗುವುದಿಲ್ಲ, ನನ್ನದು ಒಣಗಿದ ಮೈ. ಕಾಜನಿಗೆ ಏನಾದರೂ ಬೇಕಿದ್ದರೆ ಬರೆಯಿರಿ. ನಿಮ್ಮ ಊರಿಗೆ ಬಸ್ಸಿನಲ್ಲಿ ಆರು ಗಂಟೆ ಎಂದು ವಿಚಾರಿಸಿದೆ. ಸುಮ್ಮನೆ ವಿಚಾರಿಸಿದೆ ಅಷ್ಟೇ.

ಇಂತಿ,
ಕತ್ತರಿ


ಮಾರ್ಚ್ ೨

ಕತ್ತರಿ,

ಎಡಗೈ ಬರಹ. ಇಪ್ಪತ್ತು ದಿನ ಹಿಡಿಯಿತು. ದಿನಕ್ಕೆ ನಾಲ್ಕು ಸಾಲು. ಒಂದನೇ ಕ್ಲಾಸಿನ ಮಕ್ಕಳು ನಗಬಹುದು, ನೀನು ನಗಬೇಡ.

ವ್ಯಾಯಾಮ ಮಾಡಿಸುವಾಕೆ ಮೂರು ವರ್ಷದಿಂದ ಎಡಗೈಯಲ್ಲಿ ಬರೆಯಿರಿ ಎನ್ನುತ್ತಿದ್ದಳು. ಯಾರಿಗೆ ಬರೆಯಲಿ ಎಂದು ಬಿಟ್ಟಿದ್ದೆ. ಈಗ ಒಬ್ಬ ಸಿಕ್ಕಿದ್ದಾನೆ, ಅದೂ ತಾನು ಒಣಗಿದ ಮೈಯವನು ಎನ್ನುವ ಮೂರ್ಖ.

ನನ್ನ ಮೈ ಏನು ದಪ್ಪವಿತ್ತೇನೋ? ಕೇಳು. ಇಲ್ಲಿ ಸಮವಸ್ತ್ರದ ಕಾರ್ಖಾನೆಯಲ್ಲಿದ್ದೆ. ಹಗಲೆಲ್ಲ ತೂಕಡಿಕೆ. ಹೆಂಡತಿ ಹೇಳುತ್ತಿದ್ದಳು, ನಿಮ್ಮ ಉಸಿರು ನಿಲ್ಲುತ್ತದೆ, ಆಮೇಲೆ ನೀರಿನಿಂದ ಎದ್ದವರ ಹಾಗೆ ಎಳೆದುಕೊಳ್ಳುತ್ತೀರಿ ಎಂದು. ಕನಸು ಕಂಡಿರಬೇಕು ಎಂದೆ. ಲಕ್ವ ಹೊಡೆದ ಮೇಲೆ ಡಾಕ್ಟರು ಬಿಡಿಸಿ ಹೇಳಿದರು. ಉಸಿರು ನಿಂತಾಗಲೆಲ್ಲ ಮೈ ಗಾಬರಿಯಾಗುತ್ತದೆ, ರಕ್ತದೊತ್ತಡ ಏರುತ್ತದೆ. ವರ್ಷಗಟ್ಟಲೆ ಹೀಗಾದರೆ ರಕ್ತನಾಳಗಳು ಪೆಡಸಾಗುತ್ತವೆ. ನಿದ್ದೆ ಮಾಡಿಯೂ ನಿದ್ದೆಯಾಗಿರುವುದಿಲ್ಲ, ಅದಕ್ಕೇ ಹಗಲು ಕಣ್ಣು ಮುಚ್ಚುತ್ತದೆ. ತೂಕಡಿಸುವವರಿಗೆಲ್ಲ ಹೀಗಾಗುತ್ತದೆ ಎಂದಲ್ಲ. ಆದರೆ ನೋಡಿಸಿಕೊಳ್ಳಬೇಕು ಎಂದರು.

ನನ್ನ ಉಸಿರು ನಿಂತದ್ದನ್ನು ಹೇಳಲು ಒಬ್ಬಳಿದ್ದಳು. ಆದರೂ ನಾನು ಕೇಳಲಿಲ್ಲ. ನಿನಗೆ ಹೇಳುವವರೂ ಇಲ್ಲ. ರಕ್ತದೊತ್ತಡ ನೋಡಿಸು.

ಆ ಎರಡು ಎಡತೋಳಿನಲ್ಲಿ ಮಿಕ್ಕದ್ದನ್ನು ಎಸೆಯಬೇಡ. ನನಗೆ ಕಳಿಸು. ನನ್ನಲ್ಲಿ ಕೆಲಸ ಮಾಡುವುದು ಈಗ ಎಡಗೈ ಒಂದೇ.

ಇನ್ನೊಂದು ಮಾತು. ಬೆರಳಿಗೆ ಸೂಜಿ ಇಳಿದ ಅವತ್ತು ನೀನು ಟೀ ಕುಡಿಯಲು ಹೊರಗೆ ಹೋಗಿದ್ದೆ ಎಂದು ಇವಳಿಗೆ ಹೇಳಿದ್ದೇನೆ. ಹೌದು ತಾನೆ?

ಕಾಜ


ಮಾರ್ಚ್ ೧೧

ಕಾಜ,

ನಿನ್ನ ಅಕ್ಷರ ನೋಡಿ ನಗಲಿಲ್ಲ. ಸಾಲು ಸ್ವಲ್ಪ ಇಳಿಜಾರಾಗಿದೆ, ಅಷ್ಟೇ. ಎರಡನೇ ಪುಟಕ್ಕೆ ಬರುವ ಹೊತ್ತಿಗೆ ನೆಟ್ಟಗಾಗಿದೆ.

ಈಗ ಶಾಲೆಗಳ ಸಮವಸ್ತ್ರದ ಕಾಲ. ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ. ನೀಲಿ ದಾರ ಎಲ್ಲೂ ಸಿಗುತ್ತಿಲ್ಲ. ಕಾಲು ಮೆಷಿನ್ನಿನ ಬೆಲ್ಟು ಮತ್ತೆ ಜಾರುತ್ತಿತ್ತು, ನೀನು ಮಾಡುತ್ತಿದ್ದಂತೆ ಮೇಣ ಸವರಿದೆ, ಸರಿಹೋಯಿತು. ಎದುರಿನ ಗಡಿಯಾರದ ಅಂಗಡಿ ಮುಚ್ಚಿದರು. ಅಲ್ಲಿ ಈಗ ಕನ್ನಡಕ ಮಾರುತ್ತಾರೆ. ಮೂರು ಗಂಟೆಗೆ ಎಲ್ಲ ಗಡಿಯಾರವೂ ಒಟ್ಟಿಗೆ ಹೊಡೆಯುತ್ತಿದ್ದಾಗ ನನಗೆ ಎಚ್ಚರವಾಗುತ್ತಿತ್ತು, ಅದೂ ಹೋಯಿತು.

ರಕ್ತದೊತ್ತಡ ನೋಡಿಸುತ್ತೇನೆ. ಈ ಗದ್ದಲ ಮುಗಿಯಲಿ.

ತೋಳು ಕಟ್ಟಿ ಇಟ್ಟಿದ್ದೇನೆ, ಕಳಿಸುತ್ತೇನೆ.

ಇಂತಿ,
ಕತ್ತರಿ


ಮಾರ್ಚ್ ೨೦

ಕತ್ತರಿ,

ಬೆಲ್ಟಿನ ವಿಷಯ ತಿಳಿಯಿತು. ದಾರದ ವಿಷಯ ತಿಳಿಯಿತು.

ನಾನು ಕೇಳಿದ್ದು ಎರಡು. ಎರಡಕ್ಕೂ ಉತ್ತರ ಬರಲಿಲ್ಲ.

ಕಾಜ


ಮೇ ೨೭

ಕಾಜ,

ಎರಡು ತಿಂಗಳಿಂದ ಈ ಕಾಗದವನ್ನು ಏಳು ಸಲ ಶುರುಮಾಡಿ ಹರಿದಿದ್ದೇನೆ. ಇವತ್ತು ಹರಿಯುವುದಿಲ್ಲ.

ಮೊನ್ನೆ ಸೋಮವಾರ ಬೆಳಿಗ್ಗೆ ಒಬ್ಬರಿಗೆ ಪ್ಯಾಂಟಿನ ಅಳತೆ ತೆಗೆಯುತ್ತಿದ್ದೆ. ಸೊಂಟಕ್ಕೆ ಟೇಪು ಸುತ್ತಿದೆ. ಮೂವತ್ತಾರು. ಕಣ್ಣಿಗೆ ಕಾಣುತ್ತಿದೆ, ತಲೆಯಲ್ಲಿ ಇದೆ, ಬಾಯಿಗೆ ಬರುತ್ತಿಲ್ಲ. ನಾಲಿಗೆ ಯಾರದೋ ಎನ್ನಿಸಿತು. ಬರೆದುಕೊಳ್ಳೋಣ ಎಂದರೆ ಬಲಗೈಯಿಂದ ಪೆನ್ಸಿಲ್ ಜಾರಿ ಬಿತ್ತು. ಬಗ್ಗಿ ಎತ್ತಿಕೊಳ್ಳಲು ಹೋದೆ, ಬೆರಳು ಮಡಚಲಿಲ್ಲ. ಅವರು ಎಲ್ಲೋ ನೋಡುತ್ತ ನಿಂತಿದ್ದರು, "ಕೆಲಸ ಜಾಸ್ತಿ ಇದ್ರೆ ನಾಳೆ ಬರ್ತೀನಿ ಬಿಡಿ" ಎಂದು ಹೊರಟುಹೋದರು. ನಾನು ಅಳತೆ ನೋಡುವ ಕನ್ನಡಿಯ ಕಡೆ ತಿರುಗಿದೆ. ಬಾಯಿಯ ಒಂದು ಮೂಲೆ ಇಸ್ತ್ರಿ ಇಲ್ಲದ ಕಾಲರಿನ ಹಾಗೆ ಜೋತುಬಿದ್ದಿತ್ತು.

ನಿನ್ನ ಸ್ಟೂಲಿನ ಮೇಲೆ ಕೂತೆ. ಹತ್ತು ನಿಮಿಷ ಇರಬಹುದು. ರಸ್ತೆಯಲ್ಲಿ ಜನ ಹೋಗುತ್ತಿದ್ದರು. ಕೂಗೋಣ ಎಂದರೆ ದನಿ ಇಲ್ಲ, ದನಿ ಇದ್ದಿದ್ದರೂ ಯಾರ ಹೆಸರು ಹಿಡಿದು ಕೂಗಬೇಕು ಎಂದು ಗೊತ್ತಾಗಲಿಲ್ಲ. ಆಮೇಲೆ ತಾನಾಗಿಯೇ ಎಲ್ಲ ಸರಿಹೋಯಿತು. ಮೂವತ್ತಾರು ಎಂದು ಜೋರಾಗಿ ಹೇಳಿದೆ. ಈಗ ಚೆನ್ನಾಗಿದ್ದೇನೆ, ಈ ಅಕ್ಷರ ನೋಡಿದರೆ ನಿನಗೇ ತಿಳಿಯುತ್ತದೆ. ಆಸ್ಪತ್ರೆಗೆ ಹೋಗಿಲ್ಲ. ಸರಿಹೋದ ಮೇಲೆ ಹೋಗಿ ಏನೆಂದು ಹೇಳಲಿ?

ಆದರೆ ಆ ಹತ್ತು ನಿಮಿಷದಲ್ಲಿ ಒಂದೇ ಯೋಚನೆ ಇತ್ತು. ಈ ಬಾಯಿ ಹೀಗೇ ಉಳಿದರೆ ನಿನ್ನ ಪ್ರಶ್ನೆಗೆ ಉತ್ತರ ಕೊಡುವವರು ಇರುವುದಿಲ್ಲ ಎಂದು.

ಅವತ್ತು ನಾನು ಟೀ ಕುಡಿಯಲು ಹೋಗಿರಲಿಲ್ಲ. ಮೇಜಿನ ಹಿಂದೆಯೇ ನಿಂತಿದ್ದೆ. ಕತ್ತರಿ ಕೈಯಲ್ಲೇ ಇತ್ತು. ನೀನು ಹೊಲಿಯುತ್ತಿದ್ದ ಕೋಟಿನ ಯಜಮಾನರು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದರು. ನಿನ್ನ ತಲೆ ಇಳಿಯುವುದನ್ನು ಕಂಡೆ. ಕಾಲು ಪೆಡಲಿನ ಮೇಲೆ ಇರುವುದನ್ನೂ, ಬೆರಳು ಸೂಜಿಯ ಕಡೆ ಸರಿಯುವುದನ್ನೂ ಕಂಡೆ. ಆ ವಾರ ನಿನಗೆ ಎಷ್ಟು ಸಲ ಬಡಿದಿದ್ದೆನೋ ಲೆಕ್ಕವಿಲ್ಲ. ನನಗೆ ರೇಗಿಹೋಗಿತ್ತು. ಒಂದು ಸಲ ಗಿರಾಕಿಯ ಮುಂದೆ ಮಾನ ಹೋಗಲಿ, ಆಗ ಬುದ್ಧಿ ಬರುತ್ತದೆ ಎಂದುಕೊಂಡೆ. ಬಡಿಯಲಿಲ್ಲ. ಹೊಲಿಗೆ ತೋಳಿನ ಮೇಲೆ ಅಡ್ಡಾದಿಡ್ಡಿ ಓಡಿತು, ಸೂಜಿ ನಿನ್ನ ಉಗುರಿನ ಮೇಲೆ ಇಳಿಯಿತು. ಆಮೇಲೆ ನಾನೇ, ಆ ಯಜಮಾನರ ಮುಂದೆ, "ಇದು ದುಡಿಯೋ ಜಾಗ, ಮಲಗೋ ಜಾಗ ಅಲ್ಲ" ಅಂದೆ. ಅಸ್ತರಿನ ಚೂರನ್ನು ಬೆರಳಿಗೆ ಸುತ್ತಿಕೊಂಡು ನೀನು ಮೆಟ್ಟಿಲಿಳಿದೆ, ಮತ್ತೆ ಬರಲಿಲ್ಲ.

ನೀನು ಕಾಯಿಲೆಯವನು ಎಂದು ನನಗೆ ಗೊತ್ತಿರಲಿಲ್ಲ ಎಂದು ಬರೆಯಬಹುದು. ಅದು ನಿಜ. ಆದರೆ ಗೊತ್ತಿಲ್ಲದವನೂ ಬಡಿಯಬಹುದಾಗಿತ್ತು.

ತಪ್ಪು ನನ್ನದು ಕಾಜ.

ಕತ್ತರಿ


ಜೂನ್ ೩

ಕಾಜ,

ಆಸ್ಪತ್ರೆಯಿಂದ ನಿನ್ನೆ ಬಂದೆ. ಏನಾಯಿತೆಂದು ಇಲ್ಲಿ ಯಾರಿಗೂ ಪೂರ್ತಿ ಹೇಳಿಲ್ಲ. ನಿನಗೆ ಅರ್ಧ ಗೊತ್ತು, ಮಿಕ್ಕ ಅರ್ಧ ಹೇಳುತ್ತೇನೆ.

ಶುಕ್ರವಾರ ಮೂರು ಗಂಟೆಗೆ ಅಂಗಡಿಯ ಫೋನು ಹೊಡೆಯಿತು. ಎತ್ತಿದೆ. ಆ ಕಡೆ ಯಾರೋ ಉಸಿರು ಬಿಡುತ್ತಿದ್ದಾರೆ. "ಯಾರು?" ಅಂದೆ. "ಹೋ" ಎಂದು ಒಂದು ಸದ್ದು ಬಂತು, ಮತ್ತೆ "ಹೋ" ಎಂದಿತು. ಯಾರೋ ಚೇಷ್ಟೆ ಮಾಡುತ್ತಿದ್ದಾರೆ ಎಂದು ಇಡುವವನಿದ್ದೆ. ಆಗ ಕೇಳಿತು. ಟಕ್ ಟಕ್.

ಕಾಜ, ಫೋನನ್ನು ಕಿವಿಗೆ ಒತ್ತಿ ಹಿಡಿದೆ. ಹಳೇ ರಶೀದಿಯ ಮೇಲಿನ ನಂಬರು ನೋಡಿ ಮಾಡಿರಬೇಕು ನೀನು. ಮೂರು ವರ್ಷದಿಂದ ಯಾರ ಫೋನೂ ಎತ್ತದವನು! ಮತ್ತೆ ಟಕ್ ಟಕ್, ನಿಲ್ಲಿಸಲೇ ಇಲ್ಲ ನೀನು. "ಹೋಗ್ತೀನಿ ಮಾರಾಯ, ಹೋಗ್ತೀನಿ, ಈಗಲೇ ಹೋಗ್ತೀನಿ" ಎಂದು ಕೂಗಿದೆ. ಆಮೇಲೆ ನಿಂತಿತು. ಎದುರಿನ ಕನ್ನಡಕದಂಗಡಿಯವರು ಓಡಿಬಂದರು. ಅವರೇ ಆಟೋದಲ್ಲಿ ಕೂರಿಸಿಕೊಂಡು ಹೋದರು. ಅವರ ಹೆಸರು ಕೂಡ ಅಲ್ಲಿಯವರೆಗೆ ನಾನು ಕೇಳಿರಲಿಲ್ಲ.

ರಕ್ತದೊತ್ತಡ ಮೇಲಿನದು ನೂರಾ ತೊಂಬತ್ತೆರಡು. ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಬೈಯುವುದರಲ್ಲಿ ಮಾತ್ರ ನಮ್ಮ ಅಜ್ಜಿ. "ಹತ್ತು ನಿಮಿಷದಲ್ಲಿ ಸರಿಹೋಯ್ತು ಅಂತ ಮನೇಲಿ ಕೂತ್ರಾ? ಅದು ಸರಿಹೋಗಿದ್ದಲ್ಲ, ದೊಡ್ಡದು ಬರೋಕೆ ಮುಂಚೆ ಹೇಳಿ ಹೋಗಿದ್ದು. ಅದೇ ಗಳಿಗೇಲಿ ಬರಬೇಕಿತ್ತು. ಇನ್ನೊಂದು ವಾರ ಬಿಟ್ಟಿದ್ರೆ ನಾನು ಏನೂ ಹೇಳೋಕಾಗ್ತಿರಲಿಲ್ಲ" ಎಂದರು. ತಲೆಯ ಚಿತ್ರ, ಕತ್ತಿನ ರಕ್ತನಾಳದ ಚಿತ್ರ ಎಲ್ಲ ತೆಗೆದರು. ರಕ್ತ ಹೆಪ್ಪುಗಟ್ಟದಂತೆ ಒಂದು ಮಾತ್ರೆ, ಒತ್ತಡಕ್ಕೆ ಎರಡು. ಹಗಲು ನಿದ್ದೆಯ ಮಾತು ಹೇಳಿದಾಗ ಬರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ಯಂತ್ರ ಕಟ್ಟಿ ನಿದ್ದೆಯ ಪರೀಕ್ಷೆ ಮಾಡಬೇಕಂತೆ. ಅದಕ್ಕೆ ಸರದಿ ಇದೆ, ಆರು ವಾರ.

ಅಲ್ಲಿಯವರೆಗೆ ಎಂದು ಒಂದು ನಮೂನೆ ಕೊಟ್ಟಿದ್ದಾರೆ. ಎರಡು ಪುಟ. ಮೊದಲನೇದು ನಾನು ತುಂಬಬೇಕು, ತುಂಬಿದೆ. ಎರಡನೇ ಪುಟದ ಮೇಲೆ "ನಿದ್ದೆಯನ್ನು ಕಂಡವರ ಹೇಳಿಕೆ" ಎಂದಿದೆ. ಗೊರಕೆ ಇದೆಯೇ, ಉಸಿರು ನಿಲ್ಲುತ್ತದೆಯೇ, ಎಷ್ಟು ಸಲ, ಎಷ್ಟು ಹೊತ್ತು ಎಂದೆಲ್ಲ. ನರ್ಸಮ್ಮ "ಮನೇಲಿ ಯಾರ ಹತ್ರಾನಾದ್ರೂ ಬರೆಸಿ ತನ್ನಿ" ಅಂದರು. ಸರಿ ಎಂದೆ. ಇಲ್ಲ ಎಂದು ಹೇಳಲು ನಾಚಿಕೆಯಾಯಿತು. ಅದನ್ನು ಮೇಜಿನ ಮೇಲೆ ಬಿಚ್ಚಿಟ್ಟುಕೊಂಡು ಕೂತಿದ್ದೇನೆ. ಖಾಲಿಯೇ ಕೊಡುತ್ತೇನೆ.

ನನ್ನ ಆ ಕಾಗದ ಓದಿಯೂ ನೀನು ಫೋನು ಮಾಡಿದೆ. ಅದರ ಬಗ್ಗೆ ಬರೆಯಲು ನನಗೆ ಬರುವುದಿಲ್ಲ.

ಇಂತಿ,
ಕತ್ತರಿ


ಜೂನ್ ೯

ಅಣ್ಣಾ,

ಆ ಶುಕ್ರವಾರ ನಾನು ತರಕಾರಿ ತರಲು ಹೋಗಿದ್ದೆ. ಬಂದು ನೋಡಿದರೆ ಇವರು ಫೋನಿನ ಹತ್ತಿರ ನೆಲದ ಮೇಲೆ ಕೂತಿದ್ದಾರೆ, ಕೋಲು ಒಂದು ಕಡೆ, ನನ್ನ ಅಡುಗೆಮನೆಯ ಕತ್ತರಿ ಎಡಗೈಯಲ್ಲಿ. ಬಿದ್ದುಬಿಟ್ಟರು ಎಂದು ಕಿರುಚಿದೆ. ಕೂತಿದ್ದು, ಬಿದ್ದಿದ್ದಲ್ಲ ಎಂದರು. ಮೇಜಿನ ಅಂಚಿನಲ್ಲಿ ಬಣ್ಣ ಎದ್ದುಹೋಗಿದೆ.

ನಿಮ್ಮ ಕಾಗದ ಆಮೇಲೆ ಓದಿದೆ. ಸುಳ್ಳು ಹೇಳುವುದಿಲ್ಲ ಅಣ್ಣಾ, ಮೂರು ದಿನ ನಿಮ್ಮ ಮೇಲೆ ಸಿಟ್ಟಿತ್ತು. ಆ ಬೆರಳಿಗೆ ಎರಡು ತಿಂಗಳು ಔಷಧಿ ಹಚ್ಚಿದವಳು ನಾನು. ಅವರು ಊಟ ಬಿಟ್ಟು ಗೋಡೆ ಕಡೆ ತಿರುಗಿ ಮಲಗಿದ್ದನ್ನು ಕಂಡವಳೂ ನಾನು. ನೀವು ಟೀ ಕುಡಿಯಲು ಹೋಗಿದ್ದಿರಿ ಎಂದು ಒಂಬತ್ತು ವರ್ಷ ನಂಬಿಕೊಂಡಿದ್ದೆ. ನಿಮಗೆ ಬರೆಯುವುದೇ ಬೇಡ ಎಂದುಕೊಂಡೆ. "ನಿಮಗೆ ಗೊತ್ತಿತ್ತಾ?" ಎಂದು ಇವರನ್ನು ಕೇಳಿದೆ. "ಅವತ್ತೇ ಗೊತ್ತಿತ್ತು, ಮೇಜಿನ ಮೇಲೆ ಅವನ ನೆರಳಿತ್ತು" ಎಂದರು. ಮತ್ತೆ ಯಾಕೆ ಸುಳ್ಳು ಹೇಳಿದಿರಿ ಎಂದರೆ, "ನೀನು ಅವನನ್ನು ಬೈಯುತ್ತೀಯಲ್ಲ, ಅದಕ್ಕೆ" ಎಂದರು. ಇಂಥವರ ಜೊತೆ ಏನು ಜಗಳವಾಡಲಿ?

ಆ ನಮೂನೆಯನ್ನು ಖಾಲಿ ಕೊಡಬೇಡಿ. ಎರಡನೇ ಪುಟ ತೆಗೆದುಕೊಂಡು ಇಲ್ಲಿಗೆ ಬನ್ನಿ. ಆರು ಗಂಟೆ ಹಿಡಿಯುವ ಬಸ್ಸಿನಲ್ಲಿ ಒಬ್ಬರೇ ಬರಬೇಡಿ ಎಂದು ಇವರು ಹೇಳುತ್ತಾರೆ, ಡಾಕ್ಟರಮ್ಮನನ್ನು ಕೇಳಿಕೊಂಡು, ಕನ್ನಡಕದಂಗಡಿಯವರನ್ನು ಜೊತೆಗೆ ಕರೆದುಕೊಂಡು ಬನ್ನಿ. ಹಾಸಿಗೆ ಕಿಟಕಿಯ ಹತ್ತಿರ ಹಾಕಿದ್ದೇನೆ. ನಿಮ್ಮ ಕತ್ತರಿಯನ್ನು ತರಬೇಕಂತೆ. ನನ್ನ ಕತ್ತರಿಯ ಸದ್ದು ಸರಿಯಿಲ್ಲವಂತೆ.

ಸಿಟ್ಟು ಪೂರ್ತಿ ಹೋಗಿಲ್ಲ. ಬಂದ ಮೇಲೆ ಎದುರಿಗೇ ಬೈಯುತ್ತೇನೆ.

ತಂಗಿ


ನಿದ್ದೆಯನ್ನು ಕಂಡವರ ಹೇಳಿಕೆ
(ಪುಟ ೨. ನಿದ್ದೆಯಲ್ಲಿರುವವರನ್ನು ಎಬ್ಬಿಸದೆ, ಕಂಡದ್ದನ್ನು ಮಾತ್ರ ಬರೆಯಿರಿ)

ದಿನಾಂಕ: ಜೂನ್ ೨೧, ಮಧ್ಯಾಹ್ನ
ಕಂಡವರ ಉದ್ಯೋಗ: ದರ್ಜಿ
ಸಂಬಂಧ: ಹದಿನಾರು ವರ್ಷ ಒಂದೇ ಅಂಗಡಿ, ಒಂಬತ್ತು ವರ್ಷ ಮಾತಿಲ್ಲ. ನೀವು ಬಿಟ್ಟ ಜಾಗ ಸಾಲದು.

ಡಾಕ್ಟರಮ್ಮನವರೇ,

ಎಡಗೈ ಬರಹ, ಕ್ಷಮಿಸಿ. ಸಾಲು ಇಳಿದರೂ ಲೆಕ್ಕ ಸರಿಯಿದೆ.

ಇವನು ನಮ್ಮ ಮನೆಗೆ ಬೆಳಿಗ್ಗೆ ಬಂದ. ನನ್ನ ಹೆಂಡತಿ ಅರ್ಧ ಗಂಟೆ ಬೈದಳು. ತಲೆ ತಗ್ಗಿಸಿ ಕೇಳಿಸಿಕೊಂಡು, ಊಟ ಮಾಡಿ, ಎರಡು ಗಂಟೆಗೆ ಮಲಗಿದ. ಎರಡು ನಿಮಿಷದಲ್ಲಿ ನಿದ್ದೆ. ನಾನು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತೆ. ಕೈಗೆ ಕೆಲಸವಿರಲಿ ಎಂದು ಇವನು ತಂದ ಬೂದು ಬಣ್ಣದ ತೋಳನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದೆ, ಹೊಲಿಯಲಿಲ್ಲ.

ಗೊರಕೆ ಇದೆ. ಜೋರು. ಅಡುಗೆಮನೆಗೆ ಕೇಳಿಸುತ್ತದೆ.

ಉಸಿರು ನಿಲ್ಲುತ್ತದೆ. ಗೊರಕೆ ಇದ್ದಕ್ಕಿದ್ದಂತೆ ನಿಂತುಹೋಗುತ್ತದೆ. ಎದೆ ಏಳಲು ನೋಡುತ್ತದೆ, ಗಾಳಿ ಬರುವುದಿಲ್ಲ. ಆಮೇಲೆ ಒಂದು ಏಟಿಗೆ ಎಳೆದುಕೊಳ್ಳುತ್ತಾನೆ. ಗೋಡೆಯ ಗಡಿಯಾರ ನೋಡಿ ಬರೆದುಕೊಂಡಿದ್ದೇನೆ. ಮೊದಲ ಒಂದು ಗಂಟೆಯಲ್ಲಿ ಇಪ್ಪತ್ತೆರಡು ಸಲ. ಹೆಚ್ಚಿನವು ಹದಿನೈದರಿಂದ ಇಪ್ಪತ್ತು ಸೆಕೆಂಡು. ನಾಲ್ಕು ಸಲ ಮೂವತ್ತು. ಅಂಗಾತ ಮಲಗಿದಾಗ ಜಾಸ್ತಿ, ಮಗ್ಗುಲಾದಾಗ ಕಡಿಮೆ.

ಪ್ರತಿ ಸಲವೂ ಇವನು ಬದುಕಿಗೆ ವಾಪಸ್ಸು ಬರುವವರೆಗೆ ನಾನೂ ಉಸಿರು ಬಿಡಲಿಲ್ಲ. ನನ್ನ ಹೆಂಡತಿ ಇದನ್ನು ಎಷ್ಟು ವರ್ಷ ಒಬ್ಬಳೇ ನೋಡಿದಳೋ ಎಂದು ಇವತ್ತು ತಿಳಿಯಿತು. ಇದು ನಿಮಗೆ ಬೇಕಾದ ವಿಷಯವಲ್ಲ, ಹೊಡೆದುಹಾಕಿ.

ಎಬ್ಬಿಸಬಾರದು ಎಂದು ಮೇಲೆ ಅಚ್ಚು ಹಾಕಿಸಿದ್ದೀರಿ. ಇಪ್ಪತ್ತೆರಡು ಸಲ ಹಾಗೇ ಮಾಡಿದೆ. ಇಪ್ಪತ್ತಮೂರನೆಯದು ನಲವತ್ತು ದಾಟಿತು. ನಲವತ್ತೈದು. ತುಟಿಯ ಬಣ್ಣ ಬದಲಾಯಿತು. ಇವನ ಕತ್ತರಿ ಕಿಟಕಿಯ ಕಟ್ಟೆಯ ಮೇಲಿತ್ತು. ತೆಗೆದುಕೊಂಡು ಎರಡು ಸಲ ಬಡಿದೆ. ನಿಮ್ಮ ನಿಯಮ ಮುರಿದೆ, ನನ್ನನ್ನು ಬೈಯಿರಿ. ಅಷ್ಟು ಹೊತ್ತು ನೋಡುತ್ತ ಕೂರುವುದು ನನ್ನಿಂದ ಆಗಲಿಲ್ಲ.

ಉಸಿರು ಎಳೆದುಕೊಂಡ. ಕಣ್ಣು ಅರ್ಧ ಬಿಟ್ಟು, "ಹೊಲಿಗೆ ತಪ್ಪಿತಾ?" ಎಂದು ಕೇಳಿದ.

"ಇಲ್ಲ, ಮಲಗು" ಅಂದೆ.

ನನ್ನ ಮಾತು ಬೇರೆಯವರಿಗೆ ತಿಳಿಯುವುದಿಲ್ಲ. ಇವನಿಗೆ ತಿಳಿಯಿತು. ಮಗ್ಗುಲಾಗಿ ಮಲಗಿದ್ದಾನೆ. ಎರಡನೇ ಗಂಟೆಯ ಲೆಕ್ಕವನ್ನು ಪುಟದ ಹಿಂದೆ ಬರೆಯುತ್ತಿದ್ದೇನೆ.

ಕಂಡವರ ಸಹಿ: ಕಾಜ